ಗಿರಿಕುಟೀರವಾಸ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮಂಗಳದಿಂದ ಆರಂಭವಾಗಬೇಕು. ಪ್ರಸ್ತುತ ಗ್ರಂಥ ಮಂಗಳೂರಿನಿಂದಲೇ ಆರಂಭವಾಗುವುದರಿಂದ ಆ ಬಾಬ್ತು ಚುಕ್ತಾ ಆಯಿತೆಂದು ತಿಳಿಯತಕ್ಕದ್ದು. ಇನ್ನು ಅನುಬಂಧ ಚತುಷ್ಟಯ. ವಿಷಯ: ಘಟ್ಟದ ಮೇಲೆ ಬಾಡಿಗೆಗೆ ಸಿಗುವ ಹಳೇ ಕಾಲದ ಮಣ್ಣುಗೋಡೆಯ ಗೂಡಿನಲ್ಲಿ ಎರಡು ರಾತ್ರಿ ಇದ್ದು ಬರುವುದು. ಪ್ರಯೋಜನ: ಇದ್ದು ಬಂದೆವೆಂದು ಹೇಳಿಕೊಳ್ಳುವುದು. ಸಂಬಂಧ: ಹೆಂಡತಿಯ ಕಡೆಯದು, ಅವಳ ಅಕ್ಕನ ಸಂಸಾರ ಹೋದ ತಿಂಗಳು ಹೋಗಿ ಬಂದು ನಲವತ್ತು ಫೋಟೋ ಕಳಿಸಿತ್ತು. ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಅರ್ಹನಾದವನು: ಬಲ್ಮಠದ ಆಸುಪಾಸಿನಲ್ಲಿ ಆರನೇ ಮಹಡಿಯ ಫ್ಲಾಟು ಉಳ್ಳವನು, ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವತವನು, ಲಿಫ್ಟು ಕೆಟ್ಟ ದಿನ ಹಾಲಿಲ್ಲದ ಚಹಾ ಕುಡಿಯುವವನು.

ಮೊದಲಿಗೆ ನಿರುಕ್ತಿ. ಈ ಗೂಡಿಗೆ ಲೋಕದಲ್ಲಿ ಹೋಂಸ್ಟೇ ಎಂದು ಹೆಸರು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲೇ. ಅದರಲ್ಲಿ ಈ ಪದ ಇಲ್ಲ. ಆದ್ದರಿಂದ ವಿದ್ವಾಂಸರಲ್ಲಿ ಎರಡು ಪಕ್ಷಗಳುಂಟು, ಎರಡರಲ್ಲೂ ನಾನೊಬ್ಬನೇ ಇದ್ದೇನೆ. ಒಂದನೆಯ ಪಕ್ಷದ ಪ್ರಕಾರ ಇದು ಹೋಮ ಮತ್ತು ಸ್ತೇಯ ಎಂಬ ಎರಡು ಸಂಸ್ಕೃತ ಪದಗಳ ಸಮಾಸ. ಹೋಮವೆಂದರೆ ಸಂಜೆ ಅಂಗಳದಲ್ಲಿ ಹಾಕುವ ಬೆಂಕಿ. ಸ್ತೇಯವೆಂದರೆ ಕಳವು, ಅಂದರೆ ಆ ಬೆಂಕಿಗೆ ಬೇರೆಯಾಗಿ ಹಾಕುವ ಬಿಲ್ಲು. ಎರಡನೆಯ ಪಕ್ಷದ ವಾದ ಸರಳ: ನಮ್ಮ ಕಡೆ ಬಿಡಾರ ಎಂಬ ಒಳ್ಳೆಯ ಮಾತಿತ್ತು, ಆದರೆ ಬಿಡಾರ ಎಂದರೆ ತಲೆಗೆ ಐನೂರಕ್ಕಿಂತ ಹೆಚ್ಚು ಕೇಳಲಾಗುವುದಿಲ್ಲ. ನಮಗೆ ತಲೆಗೆ 2500 ಎಂದರು, ಊಟ ತಿಂಡಿ ಸೇರಿ. ಎಂಟು ವರ್ಷದ ಮಗನದು ಅರ್ಧ ತಲೆ ಎಂದು ಮಾಲೀಕರು ಫೋನಿನಲ್ಲೇ ತೀರ್ಪು ಕೊಟ್ಟರು. ಅವನ ಟೀಚರು ಹೇಳುವುದೂ ಸುಮಾರಾಗಿ ಅದೇ.

ರೆಸಾರ್ಟು ಎಂಬುದು ಬೇರೆ ಶಾಸ್ತ್ರ. ಅದು ಶಾಸಕರ ವಿಷಯ, ಇಲ್ಲಿ ಚರ್ಚಿಸಿಲ್ಲ.

ಇತಿಹಾಸ ನೋಡಿದರೆ ಈ ರೋಗದ ಮೂಲ ಬಲ್ಮಠದಲ್ಲೇ ಇದೆ. ಬಾಸೆಲಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು, ಸ್ವಲ್ಪ ಕಾಲದಲ್ಲೇ ಬಲ್ಮಠದ ಗುಡ್ಡ ಹತ್ತಿದರು. ಗುಡ್ಡವೇ ಅದು, ಈಗ ಕಟ್ಟಡಗಳ ಮರೆಯಲ್ಲಿ ಗೊತ್ತಾಗುವುದಿಲ್ಲ, ಜ್ಯೋತಿ ಸರ್ಕಲಿನಿಂದ ನಡೆದುಕೊಂಡು ಬಂದರೆ ಮೊಣಕಾಲಿಗೆ ಗೊತ್ತಾಗುತ್ತದೆ. ಅವರಿಗೂ ಗಾಳಿ ಬೇಕಾಗಿತ್ತು. ಗುಡ್ಡದ ಗಾಳಿ ಸಾಲದಾಯಿತು. ನೀಲಗಿರಿಯ ಕೇಟಿಯಲ್ಲಿ ಇನ್ನೊಂದು ಠಿಕಾಣಿ ಮಾಡಿದರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೊಗ್ಲಿಂಗರು ಮುಂದಿನ ದಶಕದಲ್ಲಿ ಕೊಡಗಿಗೇ ಹೋದರು. ಅವರು ಹೋದದ್ದು ಮತಪ್ರಚಾರಕ್ಕೆ, ನಾವು ಹೋಗುವುದು ಪ್ರಚಾರಕ್ಕೆ, ವ್ಯತ್ಯಾಸ ಎರಡಕ್ಷರದ್ದು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೇ ಘಟ್ಟ ಹತ್ತಿದ ಮೇಲೆ ಸಾಮಾನ್ಯ ಚಂದಾದಾರ ಕೆಳಗೆ ಕೂತಿರುವುದು ಹೇಗೆ? ಉಡುಪಿನ ವಿಚಾರವೂ ಇದಕ್ಕೆ ಹೊಂದುತ್ತದೆ. ಖಾಕಿ ಬಣ್ಣ ಹುಟ್ಟಿದ್ದು 1850ರ ದಶಕದ ಆರಂಭದಲ್ಲಿ, ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ, ಹಾಲರ್ ಎಂಬ ಪಾದ್ರಿಯ ಕೈಯಲ್ಲಿ ಎಂದು ನಮ್ಮೂರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈ ಪ್ರವಾಸಕ್ಕೆಂದೇ ನಾನು ಕೊಂಡ ಆರು ಜೇಬಿನ ಚಡ್ಡಿಯ ಬಣ್ಣ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಘಟ್ಟವೆಂದ ಮೇಲೆ ಎತ್ತರದ ವಿಚಾರವೂ ಬರುತ್ತದೆ, ಅಲ್ಲೊಂದು ಪಾಠಾಂತರದ ಸಮಸ್ಯೆ. ಕುದುರೆಮುಖದ ಎತ್ತರ ಕೆಲವು ಪುಸ್ತಕಗಳಲ್ಲಿ 1894 ಮೀಟರು, ಕೆಲವುಗಳಲ್ಲಿ 1892. ಕಿಟ್ಟೆಲರ ನಿಘಂಟಿನ ಇಸವಿ 1894 ಆದ್ದರಿಂದ ಮೊದಲನೆಯದೇ ಶುದ್ಧಪಾಠವೆಂದು ನಾನು ಸ್ವೀಕರಿಸಿದ್ದೇನೆ. ಉಳಿದ ಎರಡು ಮೀಟರು ಮಳೆಗೆ ತೊಳೆದುಹೋಗಿರಬೇಕು.

ಕಾಲ: ಆಟಿ ತಿಂಗಳು. ಮದುವೆ ಮುಂಜಿ ಇಲ್ಲ, ಬಾಡಿಗೆಯೂ ಇಳಿದಿರುತ್ತದೆ. ವಿಪರೀತ ಮಳೆ ಎಂದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರು. ಮಳೆಯಿಂದ ಪಾರಾಗಲು ಸಿಕ್ಕ ಆ ರಜೆಯನ್ನು ಬಳಸಿಕೊಂಡು ನಾವು ಇನ್ನೂ ಜೋರು ಮಳೆ ಇರುವ ಕಡೆಗೆ ಹೊರಟೆವು. ಬಿ.ಸಿ. ರೋಡು, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ. ಘಾಟಿಯ ತಿರುವುಗಳಲ್ಲಿ ನಡೆದ ವಮನ ಪ್ರಕರಣವನ್ನು ಗ್ರಂಥವಿಸ್ತಾರ ಭಯದಿಂದ ಕೈಬಿಟ್ಟಿದೆ. ಕೊಟ್ಟಿಗೆಹಾರದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಅಲ್ಲಿನ ನೀರುದೋಸೆ ಪ್ರಸಿದ್ಧ. ಮನೆಯಲ್ಲಿ ಬೆಳಿಗ್ಗೆ ನೀರುದೋಸೆ ಎಂದರೆ ಮುಖ ಸಿಂಡರಿಸುವ ನಮ್ಮ ಅರ್ಧತಲೆ ಅಲ್ಲಿ ಐದು ತಿಂದ. "ಅಮ್ಮ, ಇದನ್ನು ನೀನು ಕಲಿ" ಎಂದೂ ಹೇಳಿದ. ಆಗ ಸಹಸಂಶೋಧಕಿ ನನ್ನನ್ನು ನೋಡಿದ ನೋಟ ಈ ಗ್ರಂಥದ ಸಿದ್ಧಾಂತಕ್ಕೆ ಬೀಜವಾಯಿತು ಎಂಬುದು ನನಗೆ ಆಮೇಲೆ ಹೊಳೆದದ್ದು.

ಗೂಡು ಇದ್ದದ್ದು ಕಾಫಿ ತೋಟದ ನಡುವೆ. ಮೊದಲು ರೈಟರ ಮನೆಯಾಗಿತ್ತಂತೆ. 2000ದ ಆಸುಪಾಸಿನಲ್ಲಿ ಕಾಫಿಯ ದರ ಪಾತಾಳಕ್ಕೆ ಬಿತ್ತಲ್ಲ, ಆಗ ಮಲೆನಾಡು, ಕೊಡಗಿನ ಎಷ್ಟೋ ಬೆಳೆಗಾರರು ತೋಟದ ಮನೆಗೆ ಬೋರ್ಡು ಹಾಕಿದರು. ಕಾಫಿಗೆ ಹೂಮಳೆ ಬೇಕು, ಬಿಸಿಲು ಬೇಕು, ಕೊಯ್ಯಲು ಆಳು ಬೇಕು. ಪ್ರವಾಸಿಗೆ ಇದ್ಯಾವುದೂ ಬೇಡ, ತಾನಾಗಿ ಬಂದು ಬೀಳುತ್ತಾನೆ. ಮಾಲೀಕರು ಕೊಡೆ ಹಿಡಿದು ಗೇಟಿಗೇ ಬಂದರು. "ಬನ್ನಿ ಸರ್. ಆಧಾರ್ ಕೊಟ್ಬಿಡಿ, ಆಮೇಲೆ ಕಾಫಿ." ಪಾತ್ರೆಗೆ ತುಪ್ಪ ಆಧಾರವೋ ತುಪ್ಪಕ್ಕೆ ಪಾತ್ರೆ ಆಧಾರವೋ ಎಂದು ತಲೆ ಕೆಡಿಸಿಕೊಂಡ ಹಿಂದಿನ ಪಂಡಿತನಿಗೆ ಹನ್ನೆರಡು ಅಂಕಿಯ ಕಾರ್ಡೊಂದಿದ್ದರೆ ಅಷ್ಟು ಕಷ್ಟಪಡಬೇಕಾಗಿರಲಿಲ್ಲ.

ಇನ್ನು ಪ್ರಮಾಣ ವಿಚಾರ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸಬೇಕು, ಅಡುಗೆಮನೆಯಲ್ಲಿ ಕಂಡಂತೆ: ಇದು ನ್ಯಾಯಶಾಸ್ತ್ರದ ಒಂದನೇ ಕ್ಲಾಸಿನ ಪಾಠ. ಎರಡು ಸಾವಿರ ವರ್ಷಗಳಿಂದ ಯಾರೂ ಅಲ್ಲಾಡಿಸಲಾಗದ ಈ ವ್ಯಾಪ್ತಿ ಮುರಿದು ಬಿದ್ದದ್ದನ್ನು ಆ ಸಂಜೆ ನಾನು ಕಣ್ಣಾರೆ ಕಂಡೆ. ಆಟಿಯ ಹಸಿ ಸೌದೆಗೆ ಹುಡುಗನೊಬ್ಬ ಅರ್ಧ ಲೀಟರು ಸೀಮೆಎಣ್ಣೆ ಸುರಿದ. ಒಂದು ಗಂಟೆ ಹೊಗೆ ಬಂತು. ಬೆಂಕಿ ಬರಲಿಲ್ಲ. ಬೆಟ್ಟವಿತ್ತು, ಹೊಗೆಯಿತ್ತು, ಬೆಂಕಿಗೆ 600 ರೂಪಾಯಿಯ ಬಿಲ್ಲೂ ಇತ್ತು. ಕಾಣುತ್ತಿರುವುದು ಹೊಗೆಯೇ ಅಲ್ಲ, ಮಂಜು ಎಂದು ಪೂರ್ವಪಕ್ಷದವರು ಹೇಳಬಹುದು. ಕಣ್ಣು ಉರಿಯುತ್ತಿದ್ದುದರಿಂದ ಆ ವಾದ ನಿಲ್ಲುವುದಿಲ್ಲ.

ಅನುಪಲಬ್ಧಿಯನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪಬೇಕೋ ಬೇಡವೋ ಎಂಬ ಹಳೆಯ ಜಗಳ ಒಂದಿದೆ. ಮಡಕೆ ಕಾಣದೆ ಇರುವುದರಿಂದಲೇ ಮಡಕೆ ಇಲ್ಲವೆಂದು ತಿಳಿಯುವ ಕ್ರಮ. ನೆಟ್‌ವರ್ಕಿನ ವಿಷಯದಲ್ಲಿ ಇದು ಬಲು ಸ್ಪಷ್ಟ. ಫೋನನ್ನು ಕಿಟಕಿಗೆ ಹಿಡಿದು, ಮರಕ್ಕೆ ಹಿಡಿದು, ಕೊನೆಗೆ ಕುರ್ಚಿ ಹತ್ತಿ ಮಾಡಿಗೆ ಹಿಡಿದು, ಇಲ್ಲದಿರುವುದನ್ನು ಎಲ್ಲ ದಿಕ್ಕಿನಿಂದಲೂ ಖಚಿತಪಡಿಸಿಕೊಂಡೆ. "ನೆಮ್ಮದಿಗೆ ಬಂದದ್ದಲ್ವಾ, ಇಳೀರಿ ಮಾರಾಯ್ರೆ" ಎಂದಳು ಹೆಂಡತಿ, ತನ್ನ ಫೋನನ್ನು ಇನ್ನೊಂದು ಕಿಟಕಿಗೆ ಹಿಡಿದುಕೊಂಡು.

ಅದ್ವೈತಿಗಳ ದೃಷ್ಟಾಂತವೂ ತಲೆಕೆಳಗಾಯಿತು. ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ತಿಳಿದು ಹೆದರುವವನ ಕಥೆ ಅವರದು. ನಾನು ಒದ್ದೆ ಟವೆಲು ಹರವಲು ಬಚ್ಚಲಿನಲ್ಲಿ ಹಗ್ಗ ಹುಡುಕುತ್ತಿದ್ದೆ. ಸಿಕ್ಕಿತೆಂದು ಕೈ ಚಾಚಿದೆ. ಹಗ್ಗ ಸರಿದು ಹಂಡೆಯ ಹಿಂದೆ ಹೋಯಿತು. "ಕೇರೆ ಹಾವು ಸರ್. ಇಲಿ ತಿನ್ಕೊಂಡು ಇರುತ್ತೆ, ಏನೂ ಮಾಡಲ್ಲ" ಎಂದರು ಮಾಲೀಕರು. ವೇದಾಂತಿಗೆ ಜ್ಞಾನದಿಂದ ಭಯ ಹೋಗುತ್ತದೆ. ನನಗೆ ಜ್ಞಾನದಿಂದ ಬಂತು. ಉಂಬಳಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಪ್ಪು, ಸುಣ್ಣ, ಹೊಗೆಸೊಪ್ಪು ಎಂದು ಮೂರು ಮತಗಳಿವೆ. ಮೂರನ್ನೂ ಹಚ್ಚಿಕೊಂಡ ಕಾಲಿಗೆ ಏಳು ಕಚ್ಚಿದ್ದವು. ತೇಜಸ್ವಿಯವರ 'ಕರ್ವಾಲೊ' ಓದಿ ಮೂಡಿಗೆರೆ ಸೀಮೆಗೆ ಬಂದವರೆಲ್ಲರಂತೆ ನಾನೂ ಹಾರುವ ಓತಿಗಾಗಿ ಮರ ಮರ ನೋಡಿದೆ. ಕಂಡದ್ದು ಹಲ್ಲಿ, ಅದೂ ಹಾಸಿಗೆಯ ಮೇಲೆ. ಮೇಲಿಂದ ಬಿದ್ದದ್ದಾದ್ದರಿಂದ ಸ್ವಲ್ಪ ದೂರ ಹಾರಿದ್ದೂ ಹೌದು.

ಈಗ ಮುಖ್ಯ ವಿಷಯ. ರಾತ್ರಿ ಒಂದೂವರೆ. ಕರೆಂಟು ಸಂಜೆಯೇ ಹೋಗಿತ್ತು. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಒಂದು ಲಯವಿದೆ. ಸ್ಲ್ಯಾಬಿನ ಮನೆಯಲ್ಲಿ ಮಳೆ ಬಂದದ್ದು ಗೊತ್ತಾಗುವುದು ಕೆಳಗಿನ ಪಾರ್ಕಿಂಗಿನಲ್ಲಿ ಯಾರೋ ಬೈದುಕೊಂಡಾಗ ಮಾತ್ರ. ಕಣ್ಣು ಮುಚ್ಚಿ ಕೇಳುತ್ತಿದ್ದೆ. ಹಣೆಯ ಮೇಲೆ ಒಂದು ಹನಿ ಬಿತ್ತು. ಸ್ವಲ್ಪ ಬಿಟ್ಟು ಅದೇ ಜಾಗಕ್ಕೆ ಇನ್ನೊಂದು. ಫೋನಿನ ಟಾರ್ಚು ಹಾಕಿ ಮೇಲೆ ನೋಡಿದೆ. ಕಪ್ಪುಗಟ್ಟಿದ ಪಕ್ಕಾಸು, ಅದರ ಮೇಲೆ ಅಡ್ಡ ರೀಪುಗಳು, ರೀಪಿನ ಮೇಲೆ ಸಾಲು ಸಾಲು ಕೆಂಪು ಹಂಚು, ನಡುವೆ ಹಾವಸೆ ಕಟ್ಟಿದ ಒಂದು ಗಾಜಿನ ಹಂಚು. ಒಂದೊಂದು ಹಂಚಿನ ಒಳಮೈಯಲ್ಲೂ ಉಬ್ಬಿದ ಇಂಗ್ಲಿಷ್ ಅಕ್ಷರ. ಕುತ್ತಿಗೆ ಓರೆ ಮಾಡಿ ಓದಿದೆ: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865.

ಸಂಜೆ ಮಾಲೀಕರು "ಈ ಮನೆ 1865ರದ್ದು ಸರ್" ಎಂದದ್ದರ ಆಧಾರ ಇದು. ಪುರಾತತ್ತ್ವದ ದೃಷ್ಟಿಯಿಂದ ತಪ್ಪು. ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರುಮಾಡಿದ ಇಸವಿ ಅದು. ನೇತ್ರಾವತಿ ದಂಡೆಯ ಆವೆಮಣ್ಣಿನಿಂದ ಆಮೇಲೆ ಎಷ್ಟೋ ವರ್ಷ ಮಾಡಿದ ಹಂಚುಗಳ ಮೇಲೂ ಅದೇ ಅಂಕಿ ಬಿತ್ತು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಶನ್ನಿನ ಉದ್ದಿಮೆಗಳನ್ನು ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಕೊಟ್ಟಿತು, ಮುದ್ರೆ ಬದಲಾಯಿತು. ಹಾಗಾಗಿ ಬಾಸೆಲ್ ಎಂದಿದ್ದರೆ ಯುದ್ಧಕ್ಕೆ ಮುಂಚಿನದು ಎಂದಷ್ಟೇ ಹೇಳಬಹುದು. ಇದನ್ನು ನಾನು ಗಟ್ಟಿಯಾಗಿ ವಿವರಿಸುತ್ತಿದ್ದೆ.

ಹೆಂಡತಿಗೆ ಎಚ್ಚರವಾಯಿತು. "ಎಂತ ನೋಡ್ತಿದ್ದೀರಿ?"

"ಹಂಚು."

ಅವಳೂ ನೋಡಿದಳು. ಸ್ವಲ್ಪ ಹೊತ್ತು ಮಾತಿಲ್ಲ. "ಮಾವನ ಮನೆ ಕೆಡಹುವಾಗ ಇದನ್ನೇ ಅಲ್ವಾ ಲೋಡು ಮಾಡಿ ಕಳಿಸಿದ್ದು?"

ಹೌದು. ನಮ್ಮ ಆರನೇ ಮಹಡಿಯ ಕೆಳಗೆ ಮೊದಲು ನನ್ನ ತಂದೆಯ ಮನೆ ಇತ್ತು. ಚಾವಡಿ, ಬಾವಿ, ತೆಂಗಿನ ಮಡಲು ಮತ್ತು ಗೆರಟೆ ಉರಿಸುವ ಬಚ್ಚಲು, ಹಂಡೆ, ಸೋರುವ ಮಾಡು. ಪ್ರತಿ ಮೇ ತಿಂಗಳಲ್ಲಿ ಅಪ್ಪ ಏಣಿ ಹತ್ತಿ ಒಡೆದ ಹಂಚು ಬದಲಿಸುತ್ತಿದ್ದರು. ನಾನು ಕೆಳಗೆ ಏಣಿ ಹಿಡಿದು ನಿಂತು ಗೊಣಗುತ್ತಿದ್ದೆ. 2009ರಲ್ಲಿ ಬಿಲ್ಡರಿಗೆ ಕೊಟ್ಟೆವು. ಹಂಚನ್ನು ಒಂದಕ್ಕೆ ಮೂರು ರೂಪಾಯಿಯಂತೆ ಎಣಿಸಿ ಲಾರಿಯವನು ಒಯ್ದ, ಹಂಡೆಯನ್ನು ಗುಜರಿಯವನು ತೂಗಿ ಒಯ್ದ. ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಬೆಳಿಗ್ಗೆ ಮಾಲೀಕರನ್ನು ವಿಚಾರಿಸಿದರೆ, ಹಳೇ ಸೂರು ಬಿದ್ದು ಹೋದಾಗ ಮಂಗಳೂರಿಂದ ಬಂದ ಲೋಡಿನಲ್ಲಿ ಹಂಚು ತಗೊಂಡೆವು, ಪ್ರವಾಸಿಗಳಿಗೆ ಹಳೇದೇ ಬೇಕಲ್ಲ ಸರ್ ಎಂದರು. ಇವು ನಮ್ಮದೇ ಹಂಚು ಎಂದು ಹೇಳಲಾರೆ, ಅಲ್ಲ ಎನ್ನಲು ಪುರಾವೆಯೂ ಇಲ್ಲ. ಹಿಂದೆ ಕಂಡ ದೇವದತ್ತನೇ ಇವನೆಂದು ಗುರುತು ಹಿಡಿಯುವುದಕ್ಕೆ ಪ್ರತ್ಯಭಿಜ್ಞೆ ಎನ್ನುತ್ತಾರೆ. ದೇವದತ್ತನ ಮುಖದಲ್ಲಿ ಮಚ್ಚೆಯಾದರೂ ಇರುತ್ತದೆ, ಹಂಚುಗಳೆಲ್ಲ ಒಂದೇ ಅಚ್ಚಿನವು.

ತಿಂಡಿಗೆ ಮಲೆನಾಡ ಸ್ಪೆಷಲ್ ಎಂದು ಪತ್ರೊಡೆ ಬಂತು. ನನ್ನ ಅಮ್ಮ ಪ್ರತಿ ಆಟಿಯಲ್ಲೂ ಮಾಡುವ, ನಾವು ಫ್ರಿಜ್ಜಿನಲ್ಲಿಟ್ಟು ಮರೆಯುವ ಪತ್ರೊಡೆ.

ಬೆಟ್ಟದ ಗೂಡಿಗೆ ಜನ ಯಾಕೆ ಹೋಗುತ್ತಾರೆಂಬ ಪ್ರಶ್ನೆಗೆ ಶುದ್ಧ ಗಾಳಿ ಎನ್ನುವವರಿದ್ದಾರೆ, ಪ್ರಕೃತಿ ಎನ್ನುವವರಿದ್ದಾರೆ, ಮಕ್ಕಳು ಮಣ್ಣು ಮುಟ್ಟಲಿ ಎನ್ನುವವರಿದ್ದಾರೆ. ಎಲ್ಲವೂ ಪೂರ್ವಪಕ್ಷ. ಸಿದ್ಧಾಂತ ಇಷ್ಟು: ನಾವು ಮೂರು ರೂಪಾಯಿಗೆ ಮಾರಿದ್ದರ ಕೆಳಗೆ ಮಲಗಲು ತಲೆಗೆ ಎರಡೂವರೆ ಸಾವಿರ ಕೊಡುತ್ತಿದ್ದೇವೆ, ಸೋರುವುದೂ ಸೇರಿ. ಸೋರದ ಗೂಡಾಗಿದ್ದರೆ ನಾನು ಕಣ್ಣು ತೆರೆದು ಮೇಲೆ ನೋಡುತ್ತಲೇ ಇರಲಿಲ್ಲ ಎಂಬುದನ್ನು ಮಾಲೀಕರಿಗೆ ಹೇಳಿದೆ. ಅವರು ಅದನ್ನು ದೂರೆಂದು ತಿಳಿದು, ಬೆಂಕಿಯ 600 ರೂಪಾಯಿ ಬಿಟ್ಟರು.

ಹೊರಡುವಾಗ ಕಾರಿನ ಕಿಟಕಿಗೆ ಬಗ್ಗಿ ಒಂದು ಮಾತು ಹೇಳಿದರು: "ಬೇರೆ ಕಂಪನಿ ಹಂಚು ಇದಕ್ಕೆ ಕೂರಲ್ಲ ಸರ್, ಅಳತೆ ಬೇರೆ. ನಿಮ್ಮ ಕಡೆ ಮನೆ ಕೆಡವ್ತಾನೇ ಇರ್ತಾರಲ್ಲ, ಮುಂದಿನ ಸಲ ಬರೋವಾಗ ಒಂದು ತನ್ನಿ." ಸಹಸಂಶೋಧಕಿ ಅಕ್ಟೋಬರಿಗೆ ಈಗಾಗಲೇ ಮುಂಗಡ ಕಳಿಸಿದ್ದಾಳೆ. ಆದ್ದರಿಂದ ಬಲ್ಮಠ, ಕಂಕನಾಡಿ, ಜೆಪ್ಪು ಕಡೆಯ ಓದುಗರಲ್ಲಿ ಕೇಳಿಕೊಳ್ಳುವುದೇನೆಂದರೆ, ಯಾರಾದರೂ ಹಳೇ ಮನೆ ಕೆಡಹುವುದಿದ್ದರೆ ಬಾಸೆಲ್ ಮುದ್ರೆಯ ಒಂದು ಹಂಚು, ಮೂಲೆ ಮುಕ್ಕಾಗದ್ದು, ನನಗಾಗಿ ತೆಗೆದಿಡಿ. ಮೂರು ರೂಪಾಯಿ ಕೊಡುತ್ತೇನೆ.