ಟೀ ಬ್ಯಾಗು ಯಾವ ಡಬ್ಬಿಗೆ?

ಮ್ಯೂನಿಕ್‌ಗೆ ಬಂದಿಳಿದ ಕನ್ನಡಿಗ ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಇದು. ಬಹಳ ಗಂಭೀರವಾಗಿ ಕೇಳುತ್ತಾನೆ. ತರಕಾರಿ ಸಿಪ್ಪೆ ಕಂದು ಡಬ್ಬಿಗೆ, ಕಾಗದ ನೀಲಿಗೆ, ಮಿಕ್ಕಿದ್ದು ಬೂದು ಬಣ್ಣದ್ದಕ್ಕೆ. ಅಷ್ಟು ಗೊತ್ತಾಯಿತು. ಆದರೆ ಟೀ ಬ್ಯಾಗಿನ ದಾರ? ದಾರದ ತುದಿಯ ಚೀಟಿ? ಚೀಟಿಗೆ ಹೊಡೆದ ಪಿನ್ನು?

ನಾನು ಇಲ್ಲಿ ಹಳಬ. ಹಾಗಾಗಿ ಹೊಸಬರ ಪ್ರಶ್ನೆಗಳೆಲ್ಲ ನನ್ನ ತಲೆಗೇ ಬರುತ್ತವೆ. ಕೇಳುವುದು ತಪ್ಪಲ್ಲ. ಕೇಳುತ್ತಿರುವವನು ಯಾರು ಅನ್ನುವುದು ನೆನಪಾದಾಗ ಮೈ ಉರಿಯುತ್ತದೆ.

ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು 2012ರಿಂದ ಕಡ್ಡಾಯ. ಈ ಇಂಜಿನಿಯರ್ ಮಹಾಶಯನಿಗೆ ಅದು ಕೊನೆಗೂ ಬಗೆಹರಿಯಲಿಲ್ಲ. ಕಸದ ಆಟೋ ಬಂದಾಗ ಮಲಗಿರುತ್ತಿದ್ದ. ರಾತ್ರಿ ಸ್ಕೂಟರಿನ ಹ್ಯಾಂಡಲ್ಲಿಗೆ ಕವರು ಸಿಕ್ಕಿಸಿಕೊಂಡು ಹೋಗಿ, ಪಕ್ಕದ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಎಸೆದು, ಗಾಡಿ ನಿಲ್ಲಿಸದೇ ತಿರುಗಿಸಿಕೊಂಡು ಬರುತ್ತಿದ್ದ. ಈಗ ಅದೇ ಕೈ ಉಪ್ಪಿನಕಾಯಿ ಬಾಟಲಿ ತೊಳೆದು, ಮುಚ್ಚಳ ತೆಗೆದು, ಬಿಳಿ ಗಾಜು ಬಿಳಿಗೆ, ಹಸಿರು ಹಸಿರಿಗೆ, ಕಂದು ಕಂದಿಗೆ ಹಾಕುತ್ತದೆ. ಅದೂ ಭಾನುವಾರ ಅಲ್ಲ. ಭಾನುವಾರ ಗಾಜಿನ ಸದ್ದಾದರೆ ನೆರೆಯವರಿಗೆ ತೊಂದರೆಯಂತೆ. ನೆರೆಯವರಿಗೆ! ಊರಿನ ಗಣೇಶೋತ್ಸವ ಸಮಿತಿಯಲ್ಲಿ ರಾತ್ರಿ ಹನ್ನೊಂದರ ಮೇಲೂ ಡಿಜೆ ನಿಲ್ಲಿಸಬಾರದೆಂದು ಪೊಲೀಸರ ಜೊತೆ ಜಗಳಕ್ಕೆ ನಿಂತಿದ್ದವನು ಇವನೇ.

2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕಸ ವಿಲೇವಾರಿಯವರು ಬೀದಿಗೆ ಕಸ ಎಸೆದವರ ಮನೆ ಬಾಗಿಲಿಗೇ ಕಸ ತಂದು ಸುರಿದರು. ಆ ವಿಡಿಯೋ ನೋಡಿ ನಮ್ಮವನು ಕೆಂಡಾಮಂಡಲ. ನಾಗರಿಕರನ್ನು ಹೀಗಾ ನಡೆಸಿಕೊಳ್ಳೋದು ಅಂದ. ಇಲ್ಲಿ ತಪ್ಪು ಡಬ್ಬಿಗೆ ಹಾಕಿದ್ದಕ್ಕೆ ಮೂರನೇ ಮಹಡಿಯ ಅಜ್ಜಿ ಗದರಿದಾಗ ಮಾತ್ರ ಬಗ್ಗಿ ಸಾರಿ ಕೇಳಿದ್ದ.

ಮನೆ ಹುಡುಕುವಾಗ ಇವನ ಆತ್ಮಸಾಕ್ಷಿ ಪೂರ್ತಿ ಎಚ್ಚರಗೊಳ್ಳುತ್ತದೆ. ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ, ನಿಜ. ಸಿಕ್ಕರೂ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಖಾಲಿ ಕೋಣೆ. ಗೋಡೆಯಿಂದ ಎರಡು ಪೈಪು ಇಣುಕುತ್ತಿರುತ್ತವೆ. ಸಿಂಕು, ಒಲೆ, ಕಪಾಟು ಎಲ್ಲವನ್ನೂ ಹಿಂದಿನ ಬಾಡಿಗೆದಾರ ಬಿಚ್ಚಿಕೊಂಡು ಹೋಗಿರುತ್ತಾನೆ. ಆ ಖಾಲಿ ಕೋಣೆಗೂ ನೂರಾರು ಅರ್ಜಿ. ನಮ್ಮವನ ಅರ್ಜಿಗೆ ಉತ್ತರವೇ ಇಲ್ಲ.

“ಹೆಸರು ನೋಡೇ ಬಿಟ್ಟುಬಿಡ್ತಾರೆ ಅಣ್ಣಾ. ಇದು ರೇಸಿಸಂ ಅಲ್ವಾ?”

ಹೌದಪ್ಪ, ಎಷ್ಟೋ ಸಲ ಹಾಗೇ. ಜೆ.ಪಿ. ನಗರದ ನಿನ್ನ ಫ್ಲ್ಯಾಟು ಕೇಳಿಕೊಂಡು ಬಂದವರಿಗೆ ನೀನು ಮಾಡಿದ್ದೇನು? ಮೊದಲು ಹೆಸರು ಕೇಳಿದೆ. ಹೆಸರಿನಿಂದ ಗೊತ್ತಾಗದಿದ್ದಾಗ ಊರು ಕೇಳಿದೆ. ಅದರಿಂದಲೂ ಗೊತ್ತಾಗದಿದ್ದಾಗ, “ಮನೇಲಿ ಮೊಟ್ಟೆ ಗಿಟ್ಟೆ ಮಾಡ್ತೀರಾ?” ಬ್ರೋಕರಿಗೆ ಮೊದಲೇ ತಾಕೀತು: ಪ್ಯೂರ್ ವೆಜ್, ಫ್ಯಾಮಿಲಿ ಮಾತ್ರ. ಅಲ್ಲಿ ಅದು ಸಂಪ್ರದಾಯ. ಇಲ್ಲಿ ಅದು ಜನಾಂಗ ದ್ವೇಷ. ನಡುವೆ ಇರುವುದು ಏಳು ಸಾವಿರ ಚಿಲ್ಲರೆ ಕಿಲೋಮೀಟರು.

ಜರ್ಮನಿಯಲ್ಲಿ ಮನೆಯ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕಿದೆ. ಇವನಿಗೆ ಆ ಕಲಮು ಬಾಯಿಪಾಠ. ಬಾಡಿಗೆದಾರರ ಸಂಘಕ್ಕೂ ಚಂದಾ ಕಟ್ಟಿ ಸೇರಿದ್ದಾನೆ. ಜೆ.ಪಿ. ನಗರದಲ್ಲಿ ಮಾತ್ರ ಹತ್ತು ತಿಂಗಳ ಅಡ್ವಾನ್ಸು. ಖಾಲಿ ಮಾಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳದ್ದು ಮುರಿದುಕೊಳ್ಳುತ್ತಾನೆ. ಪೇಂಟು ಹೊಡೆಸುವುದಿಲ್ಲ. ಕರಾರುಪತ್ರ ಅಪ್ಪನ ಹೆಸರಲ್ಲಿದೆ. ಯಾಕೆ? ಅನಿವಾಸಿಗೆ ಬಾಡಿಗೆ ಕೊಡುವವರು ಶೇ. 30ಕ್ಕೂ ಹೆಚ್ಚು ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಇದೇ ಮನುಷ್ಯ ಇಲ್ಲಿ ಟಿವಿ ಇಲ್ಲದಿದ್ದರೂ ಪ್ರಸಾರ ಶುಲ್ಕವೆಂದು ತಿಂಗಳಿಗೆ 18.36 ಯೂರೋ ತುಟಿಪಿಟಿಕ್ಕೆನ್ನದೆ ಕಟ್ಟುತ್ತಾನೆ.

ಗಾಡಿ ಓಡಿಸುವ ವಿಷಯ ಬೇಡವೇ ಬೇಡ. ಭಾರತದ ಲೈಸೆನ್ಸು ಇಲ್ಲಿ ಆರು ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಸಾವಿರಾರು ಯೂರೋ ಸುರಿದು ಹೊಸದಾಗಿ ಪರೀಕ್ಷೆ. ಸಿಲ್ಕ್ ಬೋರ್ಡಿನಲ್ಲಿ ಫುಟ್‌ಪಾತ್ ಹತ್ತಿಸಿದ್ದವನು ಇಲ್ಲಿ ನಡುರಾತ್ರಿ ಖಾಲಿ ರಸ್ತೆಯಲ್ಲಿ ಕೆಂಪು ದೀಪ ನೋಡುತ್ತಾ ನಿಂತಿರುತ್ತಾನೆ.

ಇನ್ನು ಭಾಷೆ. ನುರಿತ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡಿನವರಿಗೆ ಎ1 ಮಟ್ಟದ ಜರ್ಮನ್ ಇದ್ದರೆ 27 ತಿಂಗಳಿಗೆ ಕಾಯಂ ವಾಸದ ಅನುಮತಿ, ಬಿ1 ಇದ್ದರೆ 21ಕ್ಕೆ. ಆ ಆರು ತಿಂಗಳಿಗಾಗಿ ಇವನು ರಾತ್ರಿಯೆಲ್ಲ ಕೂತು ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ ಎಂದು ಉರು ಹೊಡೆಯುತ್ತಾನೆ. ಮಗನಿಗೆ ಅ ಆ ಇ ಈ ಕಲಿಸಲು ಪುರುಸೊತ್ತಿಲ್ಲ. “ಪಿಯಾನೋ ಕ್ಲಾಸ್ ಇದೆ ಅಣ್ಣಾ, ಟೈಮೇ ಸಿಗಲ್ಲ.” ಊರಿನಿಂದ ಬಂದ ಅಜ್ಜಿ ಮೊಮ್ಮಗನ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತಾಳೆ.

ಹಾಗಂತ ಕನ್ನಡಾಭಿಮಾನಕ್ಕೆ ಕೊರತೆಯೇ? ದಿನಾ ರಾತ್ರಿ ಮ್ಯೂನಿಕ್‌ನಿಂದ ಗುಡುಗುತ್ತಾನೆ: ಬೆಂಗಳೂರಿಗೆ ಬಂದವರೆಲ್ಲ ಕನ್ನಡ ಕಲಿಯಲಿ, ಇಲ್ಲ ಗಂಟುಮೂಟೆ ಕಟ್ಟಲಿ. ಕಲಿಯಲಿ, ನನಗೂ ಅದೇ ಆಸೆ. ಆದರೆ ಬೆಳಿಗ್ಗೆ ಎದ್ದರೆ ಇವನಿಗೆ ಬೇರೆ ಚಿಂತೆ. ಜರ್ಮನಿಯ 2025ರ ಫೆಬ್ರವರಿ ಚುನಾವಣೆಯಲ್ಲಿ ವಲಸಿಗರ ವಿರೋಧಿ ಎಎಫ್‌ಡಿ ಶೇ. 20.8 ಮತ ತೆಗೆದು ಎರಡನೇ ಸ್ಥಾನಕ್ಕೆ ಬಂದಿದೆ. ಅವರ ಮಾತು ಕೇಳಿದರೆ ಭಯವಾಗುತ್ತದಂತೆ. ಆಗಬೇಕಾದ್ದೇ. ಇವನ ನಿನ್ನೆ ರಾತ್ರಿಯ ಭಾಷಣದಲ್ಲಿ ಊರಿನ ಹೆಸರು ಬದಲಿಸಿದರೆ ಅದೇ ಅಲ್ಲವೇ?

ಜರ್ಮನಿಯವರೂ ಸಾಚಾಗಳಲ್ಲ. 2024ರ ಅಕ್ಟೋಬರಿನಲ್ಲಿ, ನುರಿತ ಭಾರತೀಯರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುತ್ತೇವೆಂದು ಸಾರಿದರು. ಬಂದವನು ವಾಸದ ಪರವಾನಗಿ ನವೀಕರಣಕ್ಕೆ ಬರೆದ ಮಿಂಚಂಚೆ ಓದುವವರಿಲ್ಲ. ತಿಂಗಳುಗಳ ನಂತರ ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ. ಒಳಗೆ ಇನ್ನಷ್ಟು ದಾಖಲೆ ಕೇಳಿರುತ್ತಾರೆ.

ನಮ್ಮ ದೇಶದ ಪ್ರೀತಿಯಂತೂ ಕೇಳಲೇಬೇಡಿ. ಹೊರಗಿರುವವರು ಕಳಿಸುವ ಹಣ ವರ್ಷಕ್ಕೆ 10 ಸಾವಿರ ಕೋಟಿ ಡಾಲರು ದಾಟಿ ಎಷ್ಟೋ ಕಾಲವಾಯಿತು. ವೇದಿಕೆ ಮೇಲೆ ಶಾಲು, ಪೇಟ, ಭಾರತಮಾತೆಯ ಹೆಮ್ಮೆಯ ಪುತ್ರ. ಆ ಪುತ್ರ ತನ್ನದೇ ಖಾತೆಯಿಂದ ತನ್ನದೇ ದುಡ್ಡು ತೆಗೆಯಬೇಕಾದರೆ ಓಟಿಪಿ ಬರುವುದು ಮಂಡ್ಯದಲ್ಲಿರುವ ಅಪ್ಪನ ಕಪಾಟಿನಲ್ಲಿಟ್ಟ ಹಳೇ ಫೋನಿಗೆ. “ತಡಿಯೋ, ಕನ್ನಡಕ ಎಲ್ಲಿಟ್ನೋ ಕಾಣೆ... ಹೂಂ, ಬರ್ಕೋ. ನಾಕು, ಒಂಬತ್ತು... ಇದು ಆರೋ ಸೊನ್ನೆಯೋ?” ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮತ್ತೆ ಮೊದಲಿಂದ. ಮೂರನೇ ಸಲಕ್ಕೆ ಖಾತೆ ಲಾಕು. ಬ್ಯಾಂಕಿನವರು ನಯವಾಗಿ ಹೇಳುತ್ತಾರೆ: ಶಾಖೆಗೆ ಖುದ್ದಾಗಿ ಬನ್ನಿ ಸಾರ್.

2024ರ ಜೂನಿನಿಂದ ಜರ್ಮನಿ ಎರಡು ಪೌರತ್ವಕ್ಕೆ ಒಪ್ಪಿದೆ. ಭಾರತ ಒಪ್ಪುವುದಿಲ್ಲ. ಹಾಗಾಗಿ ಒಂದನ್ನೇ ಆರಿಸಬೇಕು. ನಮ್ಮವನು ಜರ್ಮನಿಯ ಪೌರತ್ವ ಪರೀಕ್ಷೆಗೆ ಕೂತ. 33 ಪ್ರಶ್ನೆ, 17 ಸರಿಯಾದರೆ ಪಾಸು. ಜರ್ಮನಿಯ ಸಂವಿಧಾನದ ಮೊದಲ ಕಲಮಿನಿಂದ ಬವೇರಿಯಾದ ಲಾಂಛನದವರೆಗೆ ಅರೆದು ಕುಡಿದಿದ್ದ. ಜೆ.ಪಿ. ನಗರದ ಶಾಸಕ ಯಾರು ಅಂದೆ. ಯಾವ ಪಾರ್ಟಿ ಅಂತ ನನ್ನನ್ನೇ ಕೇಳಿದ. ಭಾರತದ ಪಾಸ್‌ಪೋರ್ಟು ಒಪ್ಪಿಸಿದ, ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡಿಗೆ ಅರ್ಜಿ ಹಾಕಿದ. ಆಮೇಲೆ ಬಂತು ಇತ್ತೀಚಿನ ಪ್ರಶ್ನೆ:

“ಅಣ್ಣಾ, ಓಸಿಐ ಇದ್ರೆ ಇಂಡಿಯಾದಲ್ಲಿ ವೋಟ್ ಹಾಕಬಹುದಾ?”

ಆಗಲ್ಲ ಅಂದೆ. ಎಷ್ಟು ಅನ್ಯಾಯ ಅಂತ ಬೇಜಾರು ಮಾಡಿಕೊಂಡ. ಪಾಸ್‌ಪೋರ್ಟು ಇದ್ದಾಗ, ಮತದಾನದ ರಜೆಗೆ ಶನಿವಾರ, ಭಾನುವಾರ ಜೋಡಿಸಿಕೊಂಡು ಮಡಿಕೇರಿಯ ಹೋಂಸ್ಟೇ ಬುಕ್ ಮಾಡುತ್ತಿದ್ದ.