ನೇರವಾಗಿ ದೊಡ್ಡಾಸ್ಪತ್ರೆಗೇ ಹೋಗುವ ಮಹನೀಯರಿಗೆ

ಪೂಜ್ಯರೇ,

ಬಸ್ ಸ್ಟ್ಯಾಂಡಿನ ಹಿಂದಿರುವ ಎರಡು ಕೋಣೆಯ ಕ್ಲಿನಿಕ್ಕಿನಿಂದ ಈ ಬಿನ್ನಹ. ಮಗುವಿನ ಜ್ವರಕ್ಕೆ, ತಮ್ಮ ಕೆಮ್ಮಿಗೆ, ಆಫೀಸಿಗೆ ಕೊಡುವ ಸರ್ಟಿಫಿಕೇಟಿಗೆ ತಾವು ನನ್ನನ್ನೇ ನೆನೆಯುತ್ತೀರಿ. ಆ ಉಪಕಾರ ಮರೆಯಲಾರೆ. ಮಂಡಿ ನೋವು, ತಲೆಸುತ್ತು, ಹೊಟ್ಟೆ ಉರಿ ಬಂದಾಗ ಮಾತ್ರ ನನ್ನ ಬಾಗಿಲ ಮುಂದೆಯೇ ಆಟೊ ಹತ್ತಿ, ಯಾವ ತಜ್ಞರು ಬೇಕೆಂದು ತಾವೇ ನಿರ್ಧರಿಸಿ ಹೊರಡುತ್ತೀರಿ.

ಕಳೆದ ತಿಂಗಳು ತಮ್ಮಲ್ಲೊಬ್ಬ ಹಿರಿಯರು ಕಾಲು ಊದಿದೆಯೆಂದು ಬಂದರು. ಕೇಳಿದ್ದಕ್ಕೆ ಬಟ್ಟೆ ಚೀಲದ ಮಾತ್ರೆಗಳನ್ನೆಲ್ಲ ನನ್ನ ಮೇಜಿನ ಮೇಲೆ ಸುರಿದರು. ಆ ದೊಡ್ಡ ಮನಸ್ಸಿಗೆ ನಾನು ಚಿರಋಣಿ. ಹೃದಯದ ಡಾಕ್ಟರು ಬರೆದ ಆಸಿಡಿಟಿಯ ಮಾತ್ರೆ ಪ್ಯಾಂಟೊಪ್ರಜೋಲ್ ಒಂದು ಕಂಪನಿಯದು, ಹೊಟ್ಟೆಯ ಡಾಕ್ಟರು ಬರೆದ ಅದೇ ಪ್ಯಾಂಟೊಪ್ರಜೋಲ್ ಇನ್ನೊಂದು ಕಂಪನಿಯದು. ಎರಡನ್ನೂ ನುಂಗುತ್ತಿದ್ದರು. ಮೂಳೆ ಡಾಕ್ಟರು ಐದು ದಿನಕ್ಕೆಂದು ಕೊಟ್ಟ ನೋವಿನ ಮಾತ್ರೆ ಡೈಕ್ಲೊಫೆನಾಕ್ ಐದು ತಿಂಗಳಾದರೂ ಮೆಡಿಕಲ್ ಶಾಪಿನಿಂದ ಬರುತ್ತಲೇ ಇತ್ತು. ಬಿಪಿಗೆ ಟೆಲ್ಮಿಸಾರ್ಟನ್, ಮೇಲೊಂದು ಮೂತ್ರ ಹೆಚ್ಚಿಸುವ ಮಾತ್ರೆ. ನೋವಿನ ಮಾತ್ರೆ ಈ ಎರಡರ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದೆಂದು ಆ ತಜ್ಞರೆಲ್ಲರಿಗೂ ಗೊತ್ತು. ಮೂರೂ ಒಂದೇ ಮೈಯೊಳಗೆ ಸೇರುತ್ತಿವೆ ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 2.4ಕ್ಕೆ ಏರಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರೆಫರಲ್ ಚೀಟಿಯೆಂದರೆ ತಮಗೆ ಅಡ್ಡಗೋಡೆ, ಬಲ್ಲೆ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಸಂದರ್ಭ ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕೆಂದಾಗ ತಾವು ಎಷ್ಟು ಬೇಸರಪಟ್ಟಿರೆಂದು ಕಂಡಿದ್ದೇನೆ. ಬ್ರಿಟನ್ನಿನಲ್ಲಿ 1948ರಿಂದಲೂ ಜನ ಒಬ್ಬ ಜಿಪಿಯ, ಅಂದರೆ ನನ್ನಂಥ ಫ್ಯಾಮಿಲಿ ಡಾಕ್ಟರ, ಬಳಿ ಹೆಸರು ಬರೆಸುತ್ತಾರೆ. ತಜ್ಞರ ಬಳಿಗೆ ಹೋಗುವುದು ಬಹುಮಟ್ಟಿಗೆ ಅವರ ಪತ್ರ ಹಿಡಿದೇ. ಅಲ್ಲಿಯೂ ಕಾಯುವ ಕಷ್ಟ ಇದೆ. ಆದರೆ ರೋಗಿಯ ಪೂರ್ತಿ ಕಥೆ ಒಂದು ಕಡೆ ಇರುತ್ತದೆ. ನಮ್ಮಲ್ಲಿ ಅದು ನಾಲ್ಕು ಆಸ್ಪತ್ರೆಗಳ ಫೈಲುಗಳಲ್ಲಿ ಚೂರುಚೂರಾಗಿದೆ.

ತಾವು ನಂಬದಿರುವುದಕ್ಕೆ ಕಾರಣವೂ ಇದೆ. ನಮ್ಮವರಲ್ಲಿ ಕೆಲವರು ಕಮಿಷನ್ನಿಗಾಗಿ ಚೀಟಿ ಬರೆದಿದ್ದಾರೆ. 2002ರ ವೈದ್ಯಕೀಯ ನೀತಿ ಸಂಹಿತೆ ಅದನ್ನು ನಿಷೇಧಿಸಿದ್ದರೂ ಬರೆದಿದ್ದಾರೆ. ಅದು ನಮ್ಮ ವೃತ್ತಿಗೆ ಅಂಟಿದ ಕೊಳೆ, ತಮ್ಮ ತಪ್ಪಲ್ಲ. ನನ್ನ ಚೀಟಿಯ ಮೇಲೆ ಅನುಮಾನ ಬಂದರೆ ನನ್ನ ಮುಖ ನೋಡಿಯೇ ಕೇಳಿ. ಕೇಳದೆ ದೂರವಾಗುವುದೇ ನನಗೆ ನೋವು.

ತಜ್ಞರ ಬಳಿ ಹೋಗಬೇಡಿ ಎನ್ನುತ್ತಿಲ್ಲ. ಎದೆ ನೋವು ಬಂದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸ್ವಾಧೀನ ತಪ್ಪಿದರೆ ನನ್ನ ಕ್ಲಿನಿಕ್ಕಿನ ಕಡೆ ತಿರುಗಿಯೂ ನೋಡದೆ ಓಡಿ. ಮಿಕ್ಕ ದಿನಗಳಲ್ಲಿ ಮೊದಲು ಇಲ್ಲಿಗೆ ಬನ್ನಿ. ಅಲ್ಲಿಂದ ಬಂದ ಮೇಲೂ ಒಮ್ಮೆ ಬಂದು ಹೇಳಿ. ಯಾವ ಮಾತ್ರೆ ಉಳಿಯಬೇಕು, ಯಾವುದು ನಿಲ್ಲಬೇಕು ಎಂದು ಆ ಡಾಕ್ಟರಿಗೆ ನಾನೇ ಫೋನ್ ಮಾಡಿ ಕೇಳುತ್ತೇನೆ.

ಸಂಜೆ ಏಳರ ಮೇಲೆ ಕ್ಲಿನಿಕ್ಕಿನಲ್ಲಿ ಜನ ಕಡಿಮೆ. ಮಾತ್ರೆಯ ಚೀಲ ಮರೆಯದೆ ತನ್ನಿ.

ಇಂತಿ ತಮ್ಮ ವಿಧೇಯ,
ಒಬ್ಬ ಫ್ಯಾಮಿಲಿ ಡಾಕ್ಟರು