ಗೃಹಜಿರಲಾಪಾಲನ ಮೀಮಾಂಸೆ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಈ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ ಜಿರಲೆ. ಪ್ರಯೋಜನ ಹಲ್ಲಿಯ ಹೊಟ್ಟೆ. ಸಂಬಂಧ ಭಕ್ಷ್ಯಭಕ್ಷಕ ಭಾವ. ಅಧಿಕಾರಿಯ ಬಗ್ಗೆ ಮಾತ್ರ ಪಂಡಿತರಲ್ಲಿ ಜಗಳವಿದೆ. ಹಲ್ಲಿ ಸಾಕುವ ಹುಡುಗನೇ ಅಧಿಕಾರಿ ಎಂಬುದು ಪೂರ್ವಪಕ್ಷ. ಅಡಿಗೆಮನೆಯ ಕಸಬರಿಗೆ ಯಾರ ಕೈಲಿದೆಯೋ ಅವರೇ ಅಧಿಕಾರಿ ಎಂಬುದು ಸಿದ್ಧಾಂತ.

ಹಲ್ಲಿಗೆಂದು ಜಿರಲೆ ಸಾಕುವ ಈ ವಿದ್ಯೆ ನಿನ್ನೆ ಮೊನ್ನೆ ಬೆಂಗಳೂರಿನಿಂದ ಬಂತು ಎನ್ನುವವರಿದ್ದಾರೆ. ಅವರ ಬಾಯಿ ಮುಚ್ಚಿಸಲು ಮುಧೋಳವೊಂದೇ ಸಾಕು. ಆ ಸಂಸ್ಥಾನದ ಅರಸರು ಘೋರ್ಪಡೆಯವರು. ಬಹಮನಿ ಸುಲ್ತಾನರ ಕಾಲದಲ್ಲಿ ಅವರ ಪೂರ್ವಜರು ಉಡಕ್ಕೆ ಹಗ್ಗ ಕಟ್ಟಿ ಖೇಳಣಾ ಕೋಟೆಯ ಗೋಡೆ ಹತ್ತಿಸಿದರಂತೆ, ಅದೇ ಹಗ್ಗ ಹಿಡಿದು ತಾವೂ ಏರಿದರಂತೆ, ಉಡಕ್ಕೆ ಮರಾಠಿಯಲ್ಲಿರುವ ಹೆಸರೇ ಮನೆತನದ ಬಿರುದಾಯಿತಂತೆ. ಹಗ್ಗದ ಬಗ್ಗೆ ಹೇಳುವವರಿದ್ದಾರೆ, ಕೋಟೆಯ ಬಗ್ಗೆ ಹೇಳುವವರಿದ್ದಾರೆ. ಹಿಂದಿನ ರಾತ್ರಿ ಆ ಉಡಕ್ಕೆ ಉಣ್ಣಲು ಏನು ಹಾಕಿದ್ದರೆಂದು ಕೇಳುವವರಿಲ್ಲ. ಉಪವಾಸವಿದ್ದ ಪ್ರಾಣಿ ಆಳಿನ ಭಾರ ತಡೆದೀತೆ? ಉಡ ಹುಳಹುಪ್ಪಟೆ ತಿನ್ನುತ್ತದೆ. ದಂಡಿನ ಜೊತೆ ಕಾಳಿನ ಚೀಲ ಹೋಗುತ್ತದೆ, ಚೀಲದ ಜೊತೆ ಜಿರಲೆ ಹೋಗುತ್ತದೆ. ಆದ್ದರಿಂದ ಕೋಟೆ ಗೆದ್ದದ್ದು ಜಿರಲೆ. ಇದಕ್ಕೆ ಅನುಮಾನ ಪ್ರಮಾಣವೆನ್ನುತ್ತಾರೆ, ಅನುಮಾನಪಡುವವರು ಪಡಬಹುದು.

ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಆಯಿತು. ಉಡಕ್ಕೆ ಸಿಕ್ಕಿದ್ದು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿ. ಈಗ ಅದಕ್ಕೆ ಹಗ್ಗ ಕಟ್ಟಿದವರು ಏರುವುದು ಕೋಟೆಯನ್ನಲ್ಲ, ಕೋರ್ಟಿನ ಮೆಟ್ಟಿಲನ್ನು. ಹಾಗಾಗಿ ಪ್ರಸ್ತುತ ಗ್ರಂಥ ಗೋಡೆಯ ಹಲ್ಲಿಗೇ ಮೀಸಲು.

ಇನ್ನು ಜಿರಲೆಯ ಕುಲಗೋತ್ರ. ಲಿನೇಯಸ್ ಪಂಡಿತ 1758ರಲ್ಲಿ ದೊಡ್ಡ ಕೆಂಪು ಜಿರಲೆಗೆ ಅಮೆರಿಕದ ಹೆಸರಿಟ್ಟ; ಅದರ ತವರು ಆಫ್ರಿಕ. 1767ರಲ್ಲಿ ಸಣ್ಣದಕ್ಕೆ ಜರ್ಮನಿಯ ಹೆಸರಿಟ್ಟ. 2024ರಲ್ಲಿ ವಂಶವಾಹಿ ಪರೀಕ್ಷಿಸಿದವರು, ಅದು ಸುಮಾರು 2100 ವರ್ಷದ ಹಿಂದೆ ಭಾರತ ಇಲ್ಲವೇ ಮ್ಯಾನ್ಮಾರಿನ ಕಡೆ ಹುಟ್ಟಿದ್ದು ಎಂದರು. ಇಷ್ಟು ತಪ್ಪು ವಾಸಸ್ಥಳದ ದಾಖಲೆಯನ್ನು ಯಾವ ತಲಾಠಿಯೂ ಕೊಟ್ಟಿರಲಾರ. ಸಾಕುವವರು ಮೆಚ್ಚುವುದು ಈ ಎರಡನ್ನೂ ಅಲ್ಲ, ದಕ್ಷಿಣ ಅಮೆರಿಕದ ದುಬಿಯಾ ಜಿರಲೆಯನ್ನು. ಅದು ನುಣುಪು ಗೋಡೆ ಹತ್ತಲಾರದು, ಹೆಣ್ಣಿಗೆ ಮೊಂಡು ರೆಕ್ಕೆ, ತತ್ತಿಚೀಲ ಹೊರಗೆ ಬಿಡದೆ ನೇರ 20-30 ಮರಿ ಹಾಕುತ್ತದೆ. ಮರಿ ಹಾಕಬೇಕಾದರೆ 30 ಡಿಗ್ರಿ ಆಸುಪಾಸಿನ ಶಾಖ ಬೇಕು. ಬೆಂಗಳೂರಿನವರು ಚಳಿಗಾಲದಲ್ಲಿ ಡಬ್ಬಿಯ ಕೆಳಗೆ ಕರೆಂಟಿನ ಹಾಸು ಹಾಕುತ್ತಾರೆ. ಜಮಖಂಡಿಯ ಏಪ್ರಿಲ್ ಈ ಖರ್ಚು ಉಳಿಸುತ್ತದೆ.

ವಿಧಿ ಸುಲಭ. ಪ್ಲಾಸ್ಟಿಕ್ ಡಬ್ಬಿಯಲ್ಲಿ ತತ್ತಿ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ, ಬಾಯಂಚಿನ ಒಳಬದಿಗೆ ವ್ಯಾಸಲಿನ್ ಸವರಿ, ಗೋಧಿ ತೌಡು, ಗಜ್ಜರಿ, ಸೌತಿಕಾಯಿ ಹಾಕುವುದು. ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಜಿರಲೆ ದೊಡ್ಡದಿರಕೂಡದು. ಜಿರಲೆಯಲ್ಲಿ ಸುಣ್ಣದಂಶ ಕಮ್ಮಿ, ಅದಕ್ಕೇ ಉಣಿಸುವ ಮುನ್ನ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು. ಎಲಿಅಡಿಕಿ ಚಂಚಿಯ ಸುಣ್ಣ ನಡೆದೀತೆ ಎಂದು ಶಿಷ್ಯರು ಕೇಳುವುದುಂಟು. ನಡೆಯದು, ಹಲ್ಲಿಯ ಬಾಯಿ ಬೆಂದೀತು.

ಆದರೆ ರಬಕವಿ-ಬನಹಟ್ಟಿಯ ಹಳೆಯ ನೇಕಾರ ಮನೆಯೊಂದನ್ನು ಹೊಕ್ಕರೆ ಈ ವಿಧಿಯೆಲ್ಲ ಪುನರುಕ್ತಿ ದೋಷಕ್ಕೆ ಗುರಿಯಾಗುತ್ತದೆ. ಕುಣಿಮಗ್ಗದಲ್ಲಿ ಕಾಲಿಳಿಬಿಡುವ ಕುಣಿ ಇದೆಯಲ್ಲ, ಅದು ಕತ್ತಲು, ಬೆಚ್ಚಗೆ, ತುಸು ಹಸಿ. ನೂಲಿಗೆ ಹಾಕಿದ ಗಂಜಿಯ ಉದುರು ತಳದಲ್ಲಿ. ಅಂಚಿಗೆ ವ್ಯಾಸಲಿನ್ ಒಂದಿಲ್ಲ. ಮೇಲೆ ಟ್ಯೂಬ್‌ಲೈಟಿನ ಹಿಂದೆ ಹಲ್ಲಿ. ಪವರ್‌ಲೂಮಿನ ಖಟಖಟಕ್ಕೂ ಕದಲದೆ ಕತ್ತು ಓರೆಮಾಡಿ ಕೂತಿರುತ್ತದೆ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ಜ್ವಾಳದ ಚೀಲದೊಳಗೆ ಕೂತು ಪುನರ್ವಸತಿ ಕೇಂದ್ರ ಸೇರಿದ ಜಿರಲೆಗಳೂ ಇದ್ದಾವು. ಪರಿಹಾರ ಕೇಳದ ಸಂತ್ರಸ್ತರು ಅವು ಮಾತ್ರ. ಮಹಾಲಿಂಗಪುರದ ಬೆಲ್ಲದ ಪೇಟೆಯ ವಿಷಯ ಎತ್ತಿದರೆ ಇನ್ನೊಂದು ಸಂಪುಟವಾದೀತು.

ಈ ಪ್ರಬಂಧದ ಪ್ರಮೇಯವನ್ನು ಬನಹಟ್ಟಿಯ ಆಯಿಯೊಬ್ಬರ ಮುಂದೆ ಮಂಡಿಸಲಾಯಿತು. ಆಕೆ ಪೂರ್ತಿ ಕೇಳಿ, "ತಮ್ಮಾ, ಜೊಂಡಿಗ ಸಾಕಾಕ ಡಬ್ಬಿ ಯಾಕ ಬೇಕೊ? ಒಲಿ ಹಿಂದ ಕೈ ಹಾಕ್, ನಾವೇನ್ ಬ್ಯಾರೆ ಸಾಕೇವಿ?" ಎಂದು ಬೋರಿಕ್ ಪುಡಿಗೆ ಬೆಲ್ಲ ಹಾಕಿ ಗುಳಿಗೆ ಕಟ್ಟತೊಡಗಿದರು. ಇಲ್ಲೊಂದು ನಿಷೇಧವಾಕ್ಯ ಅಗತ್ಯ. ಗುಳಿಗೆ ತಿಂದ ಜಿರಲೆ, ವಿಷದ ಸೀಮೆಸುಣ್ಣದ ಗೆರೆ ದಾಟಿದ ಜಿರಲೆ ಹಲ್ಲಿಗೆ ವರ್ಜ್ಯ. ವಿಷ ಒಂದು ಹೊಟ್ಟೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಉಳಿದದ್ದರಲ್ಲಿ ಮನುಷ್ಯರಿಗೂ ಪಾಲಿದೆ: ಜಿರಲೆಯ ಹಿಕ್ಕೆ, ಪೊರೆಗಳ ದೂಳು ಉಬ್ಬಸವಿದ್ದವರಿಗೆ ಆಗದು. ಡಬ್ಬಿ ಮಲಗುವ ಕೋಣೆಯಲ್ಲಿ ಬೇಡ.

ಶಾಸ್ತ್ರಲೋಪವೊಂದು ಉಳಿದಿದೆ. ಹಲ್ಲಿ ತಲೆಯ ಮೇಲೆ ಬಿದ್ದರೆ, ಭುಜದ ಮೇಲೆ ಬಿದ್ದರೆ, ಗಂಡಸಿಗೆ ಬಲ, ಹೆಂಗಸಿಗೆ ಎಡ ಎಂದೆಲ್ಲ ಪಂಚಾಂಗ ಫಲ ಹೇಳುತ್ತದೆ. ಜಿರಲೆ ಬಿದ್ದರೆ ಏನೆಂದು ಹೇಳುವುದಿಲ್ಲ. ಬಿದ್ದಾಗಿನ ಕೂಗಾಟದಲ್ಲಿ ಫಲ ಬರೆದುಕೊಳ್ಳಲು ಯಾರಿಗೂ ಪುರುಸೊತ್ತಾಗಿರಲಿಕ್ಕಿಲ್ಲ. ಜಿರಲೆಯನ್ನು ಬಾಯಲ್ಲಿ ಕಚ್ಚಿಕೊಂಡ ಹಲ್ಲಿ ಬಲಭುಜದ ಮೇಲೆ ಬಿದ್ದರೆ ಫಲ ಯಾರಿಗೆ ಎಂಬುದು ಅದಕ್ಕಿಂತ ಕಠಿಣ ಪ್ರಶ್ನೆ. ಮನುಷ್ಯನದನ್ನು ಪುರೋಹಿತರು ನೋಡಿ ಹೇಳಬಹುದು, ಹಲ್ಲಿಯದು ಎದುರಿಗೇ ಕಾಣುತ್ತದೆ, ಜಿರಲೆಯ ಜಾತಕ ಅಷ್ಟೊತ್ತಿಗೆ ಅರ್ಧ ನುಂಗಿಯಾಗಿರುತ್ತದೆ.